ಡಾ. ಕಾದಂಬಿನಿ ಗಂಗೂಲಿ: ಎಡಿನ್‌ಬರೋದ ಆ ಬೇಸಿಗೆ

ಡಾ. ಆನಂದಿಬಾಯಿ ಜೋಶಿಯವರ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ಕಾಲದಲ್ಲಿ ಕೊಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ರೋಗಿಗಳನ್ನು ನೋಡಿದ ಡಾ. ಕಾದಂಬಿನಿ ಗಂಗೂಲಿಯವರನ್ನು ಬಲ್ಲ ಕನ್ನಡಿಗರು ಕಡಿಮೆ. ಕೆಲಸದ ನಿಮಿತ್ತ ಹೌರಾದಲ್ಲಿ ನೆಲೆಸಿರುವ ನನಗೆ, ಈ ಬಾರಿಯ ಸಂಚಿಕೆಗೆ ಅವರ ಬಗ್ಗೆಯೇ ಬರೆಯಬೇಕೆನಿಸಿತು.

ಕಾದಂಬಿನಿ ಎಂದರೆ ಮೋಡಗಳ ಸಾಲು. ಅವರು ಬೆಳೆದದ್ದು ಬಿಹಾರದ ಭಾಗಲ್ಪುರದಲ್ಲಿ. ತಂದೆ ಬ್ರಜಕಿಶೋರ ಬಸು ಶಾಲೆಯ ಮುಖ್ಯೋಪಾಧ್ಯಾಯರು. 1863ರಲ್ಲಿ ಭಾಗಲ್ಪುರ ಮಹಿಳಾ ಸಮಿತಿ ಹುಟ್ಟಿಕೊಂಡಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ನಮ್ಮಂಥ ಮಹಿಳಾ ವೇದಿಕೆಗಳಿಗೆಲ್ಲ ಅದು ಹಿರಿಯಕ್ಕ ಎನ್ನಬಹುದು. ಆಗ ಭಾಗಲ್ಪುರದಿಂದ ರೈಲಿನಲ್ಲಿ ಕೊಲ್ಕತ್ತಾಗೆ ಬರುವವರು ಇಳಿಯುತ್ತಿದ್ದುದು ಹೌರಾದಲ್ಲೇ. ಈಗಿನ ದೊಡ್ಡ ಸೇತುವೆ ಇರಲಿಲ್ಲ. 1874ರಿಂದ ಹೂಗ್ಲಿಯ ಮೇಲೆ ಒಂದು ತೇಲುವ ಸೇತುವೆ ಇತ್ತು.

ಕೊಲ್ಕತ್ತಾದ ಬೆಥುನ್ ಸಂಸ್ಥೆಯಲ್ಲಿ ಓದಿದ ಕಾದಂಬಿನಿ, ಚಂದ್ರಮುಖಿ ಬಸು ಅವರ ಜೊತೆ 1883ರಲ್ಲಿ ಪದವಿ ಪಡೆದರು. ಭಾರತದ ಮೊದಲ ಇಬ್ಬರು ಪದವೀಧರೆಯರು ಇವರೇ. ಅದೇ ವರ್ಷ ತಮ್ಮ ಗುರುಗಳೂ ಸಮಾಜ ಸುಧಾರಕರೂ ಆದ ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾಗಿ, ಕೆಲವೇ ದಿನಗಳಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ಸೇರಿದರು. ಹೆಣ್ಣುಮಗಳೊಬ್ಬಳು ಅಲ್ಲಿ ಓದುವುದನ್ನು ಸಹಿಸದ ಪ್ರಾಧ್ಯಾಪಕರೂ ಇದ್ದರು. ಕೊನೆಯಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣರಾದ ಕಾರಣ ಅವರಿಗೆ ಎಂ.ಬಿ. ಪದವಿ ಸಿಗಲಿಲ್ಲ. 1886ರಲ್ಲಿ ಕೈಗೆ ಬಂದದ್ದು ಕಾಲೇಜಿನ ಜಿ.ಬಿ.ಎಂ.ಸಿ. ಪ್ರಮಾಣಪತ್ರ ಮಾತ್ರ. ವೃತ್ತಿ ನಡೆಸಲು ಅದು ಸಾಕಾಗಿತ್ತು. ಆದರೆ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ಮೇಲೂ ಯುರೋಪಿಯನ್ ವೈದ್ಯೆಯರಿಗೇ ಮೇಲಿನ ಸ್ಥಾನ. 1891ರಲ್ಲಿ 'ಬಂಗಬಾಸಿ' ಪತ್ರಿಕೆ ಅವರ ನಡತೆಯ ಬಗ್ಗೆಯೇ ಕೀಳಾಗಿ ಬರೆಯಿತು. ದಂಪತಿ ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋದರು. ಸಂಪಾದಕರಿಗೆ ಆರು ತಿಂಗಳ ಜೈಲಾಯಿತು.

ಪ್ರಮಾಣಪತ್ರದ ಕೊರತೆಗೆ ಕಾದಂಬಿನಿ ಕಂಡುಕೊಂಡ ಉತ್ತರ ಎಡಿನ್‌ಬರೋ. 1893ರ ಆರಂಭದಲ್ಲಿ ಮಕ್ಕಳನ್ನು ಮನೆಯವರ ಸುಪರ್ದಿಗೆ ಬಿಟ್ಟು ಹಡಗು ಹತ್ತಿದರು. ಕಿರಿಯ ಮಗನಿನ್ನೂ ಕೂಸು.

ಆ ಬೇಸಿಗೆಯಲ್ಲಿ ಬ್ರಿಟನ್ನಿನಲ್ಲಿ ಹಬ್ಬದ ವಾತಾವರಣ. ರಾಣಿ ವಿಕ್ಟೋರಿಯಾ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದ ರಾಜಕುಮಾರನ ಮದುವೆ ಜುಲೈ 6ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಚಾಪೆಲಿನಲ್ಲಿ ನಡೆಯಿತು. ಮೆರವಣಿಗೆ ನೋಡಲು ಬೀದಿಗಳಲ್ಲಿ ಜನಜಾತ್ರೆ. ನಮ್ಮಂಥವರು ಆನ್‌ಸೈಟ್ ಹೋದರೆ ಮೊದಲ ವಾರಾಂತ್ಯಕ್ಕೇ ಕೋಟೆ, ಅರಮನೆ ನೋಡಿ ಫೋಟೋ ಕಳಿಸುತ್ತೇವೆ. ಎಡಿನ್‌ಬರೋದಲ್ಲಿ ಎರಡೂ ಉಂಟು. ಬಂಡೆಗಲ್ಲಿನ ಗುಡ್ಡದ ಮೇಲೆ ಕೋಟೆ, ಅಲ್ಲಿಂದ ಇಳಿಯುವ ರಾಯಲ್ ಮೈಲ್ ಬೀದಿಯ ತುದಿಗೆ ಹೋಲಿರೂಡ್ ಅರಮನೆ. ಕಾದಂಬಿನಿಯವರು ಅಲ್ಲಿಗೆ ಹೋದದ್ದು ಮಾತ್ರ ಪರೀಕ್ಷೆಗಾಗಿ. ಎಡಿನ್‌ಬರೋದ ಎರಡು ರಾಯಲ್ ಕಾಲೇಜುಗಳು ಮತ್ತು ಗ್ಲಾಸ್ಗೋದ ವೈದ್ಯರ ಸಂಸ್ಥೆ ಸೇರಿ ಕೊಡುತ್ತಿದ್ದ ಆ ಮೂರು ಡಿಪ್ಲೊಮಾಗಳಲ್ಲಿ ವೈದ್ಯ, ಶಸ್ತ್ರಚಿಕಿತ್ಸೆ, ಪ್ರಸೂತಿ ಎಲ್ಲವೂ ಬರುತ್ತಿದ್ದವು. ದೇಶ ಮದುವೆಯ ಸಂಭ್ರಮದಲ್ಲಿದ್ದ ಅದೇ ಜುಲೈನಲ್ಲಿ ಅವರು ಮೂರನ್ನೂ ಪಡೆದರು. ಆ ಸಲ ತೇರ್ಗಡೆಯಾದ 14 ಮಂದಿಯಲ್ಲಿ ಮಹಿಳೆ ಅವರೊಬ್ಬರೇ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಮನೆಗೆ ಮರಳಿದಾಗ ಕಿರಿಯ ಮಗ ತಾಯಿಯ ಗುರುತು ಹಿಡಿಯದೆ ಹತ್ತಿರ ಬರಲೊಲ್ಲದೆ ಹೋದನೆಂದು ಕುಟುಂಬದವರು ನೆನಪಿಸಿಕೊಂಡಿದ್ದಾರೆ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ತಿಂಗಳುಗಟ್ಟಲೆ ಹೊರದೇಶದಲ್ಲಿ ಕೆಲಸ ಮಾಡಿದ ನಮ್ಮ ಸದಸ್ಯೆಯರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ವಿಡಿಯೋ ಕಾಲ್ ಇದೆ. ಅವರಿಗೆ ಇದ್ದದ್ದು ಹಡಗಿನಲ್ಲಿ ಬರುವ ಕಾಗದ.

ಆಮೇಲೆ ಅವರ ಅರ್ಹತೆಯನ್ನು ಪ್ರಶ್ನಿಸುವುದು ಸುಲಭವಾಗಿರಲಿಲ್ಲ. ಡಫರಿನ್ ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ ಸಿಕ್ಕಿತು. ಮುಂದೆ ಸ್ವಂತ ವೃತ್ತಿಯೂ ಬೆಳೆಯಿತು. ಕೆಲವೇ ವರ್ಷಗಳಲ್ಲಿ ನೇಪಾಳದ ಆಳುವ ಮನೆತನದ ಹಿರಿಯಾಕೆಯ ಚಿಕಿತ್ಸೆಗೆ ಅವರಿಗೇ ಕರೆ ಬಂತು. ಗುಣವಾದ ಮೇಲೆ ಬಂದ ಉಡುಗೊರೆಗಳಲ್ಲಿ ಒಂದು ಪುಟ್ಟ ಕುದುರೆಯೂ ಇತ್ತು. ರೋಗಿಗಳ ಮನೆಗೆ ಗಾಡಿಯಲ್ಲಿ ಹೋಗುವಾಗ ದಾರಿಯ ಸಮಯವನ್ನೂ ಬಿಡದೆ ಲೇಸ್ ಹೆಣೆಯುತ್ತಿದ್ದರಂತೆ.

1898ರಲ್ಲಿ ಪತಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. 1922ರಲ್ಲಿ, ಅರವತ್ತು ದಾಟಿದ ಮೇಲೆ, ಕವಯಿತ್ರಿ ಕಾಮಿನಿ ರಾಯ್ ಅವರ ಜೊತೆ ಬಿಹಾರ-ಒಡಿಶಾದ ಗಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿ ನೋಡಲು ಹೋದರು. 1923ರ ಅಕ್ಟೋಬರ್ 3ರಂದು ಒಂದು ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರು ಅದೇ ದಿನ ಕೊನೆಯುಸಿರೆಳೆದರು.

ನಮ್ಮ ಮನೆಯ ಹೆಣ್ಣುಮಕ್ಕಳು ಹೊರದೇಶಕ್ಕೆ ಓದಲು ಹೊರಟಾಗ, ಅಥವಾ ಮದುವೆ-ಮಕ್ಕಳಾದ ಮೇಲೆ ಮತ್ತೆ ಪುಸ್ತಕ ಹಿಡಿದಾಗ, ಅವರಿಗೆ ಈ ಹೆಸರನ್ನೊಮ್ಮೆ ಹೇಳಿ. ಕಾದಂಬಿನಿಯವರು ಪರದೇಶಕ್ಕೆ ಓದಲು ಹೋದಾಗ ಅವರಿಗೆ ಮೂವತ್ತು ದಾಟಿತ್ತು, ಮನೆ ತುಂಬ ಮಕ್ಕಳಿದ್ದರು.