ಗ್ರಹಗಳಿಗೆ ನಾದ ಕೊಟ್ಟ ಶಾಲಾ ಮೇಷ್ಟರು

ಪಾಶ್ಚಾತ್ಯ ಸಂಗೀತದ ಪರಿಚಯವಿರುವವರಿಗೆ ಗುಸ್ತಾವ್ ಹೋಲ್ಸ್ಟ್ ಎಂದೊಡನೆ ನೆನಪಾಗುವುದು ‘ದಿ ಪ್ಲಾನೆಟ್ಸ್’ ಎಂಬ ಒಂದೇ ಕೃತಿ. ಮಂಗಳ, ಶುಕ್ರ, ಬುಧ, ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ಏಳು ಗ್ರಹಗಳ ಹೆಸರಿನ ಏಳು ಭಾಗಗಳುಳ್ಳ ಈ ರಚನೆ ಜಗತ್ತಿನ ದೊಡ್ಡ ದೊಡ್ಡ ವಾದ್ಯವೃಂದಗಳೆಲ್ಲವೂ ನುಡಿಸುವಂಥದ್ದು. ಆದರೆ ಇಂತಹ ಕೃತಿಯನ್ನು ರಚಿಸಿದವರು ಅರಮನೆಯ ಆಶ್ರಯದಲ್ಲಿದ್ದ ಸಂಗೀತಗಾರರಲ್ಲ, ಸಿರಿವಂತರೂ ಅಲ್ಲ. ಅವರು ಲಂಡನ್ನಿನ ಒಂದು ಬಾಲಕಿಯರ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ, ಶಾಲೆಯ ಆರ್ಕೆಸ್ಟ್ರಾ ನಡೆಸುತ್ತ ಸುಮಾರು 29 ವರ್ಷ ದುಡಿದ ಸಂಗೀತದ ಮೇಷ್ಟರು ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ.

ಹೋಲ್ಸ್ಟ್ ಜನಿಸಿದ್ದು 1874ರ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಚೆಲ್ಟನಂ ಪಟ್ಟಣದಲ್ಲಿ. ಸಂಗೀತ ಅವರಿಗೆ ವಂಶದಿಂದ ಬಂದ ಬಳುವಳಿ. ಮುತ್ತಜ್ಜ ರಷ್ಯಾದ ಅರಮನೆಯಲ್ಲಿ ಹಾರ್ಪ್ ವಾದ್ಯ ಕಲಿಸುತ್ತಿದ್ದವರು; ತಂದೆ ಅಡಾಲ್ಫ್ ಚರ್ಚಿನಲ್ಲಿ ಆರ್ಗನ್ ವಾದಕರು; ತಾಯಿ ಕ್ಲಾರಾ ಪಿಯಾನೋ ಬಲ್ಲವರು. ತಾಯಿ ತೀರಿಕೊಂಡಾಗ ಬಾಲಕನಿಗಿನ್ನೂ ಏಳು ವರ್ಷ. ಉಬ್ಬಸ, ಮಂದದೃಷ್ಟಿಗಳಿಂದ ಬಳಲುತ್ತಿದ್ದ ಮಗನನ್ನು ಪಿಯಾನೋ ವಾದಕನನ್ನಾಗಿ ಮಾಡಬೇಕೆಂಬುದು ತಂದೆಯ ಆಸೆಯಾಗಿತ್ತು. ಆದರೆ ಬಲಗೈಯ ನರದ ನೋವು ಆ ಆಸೆಯನ್ನು ಮೊಳಕೆಯಲ್ಲೇ ಚಿವುಟಿತು. ಊದುವುದರಿಂದ ಉಬ್ಬಸ ಕಡಿಮೆಯಾದೀತೆಂದು ತಂದೆ ಅವರ ಕೈಗೆ ಟ್ರಾಂಬೋನ್ ಎಂಬ ಹಿತ್ತಾಳೆಯ ವಾದ್ಯವನ್ನು ಕೊಟ್ಟರು. ಕೈಯ ನೋವು ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1893ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದ ಹೋಲ್ಸ್ಟ್, ಚಾರ್ಲ್ಸ್ ಸ್ಟ್ಯಾನ್‌ಫರ್ಡ್ ಅವರಲ್ಲಿ ಸಂಗೀತ ರಚನೆ ಅಭ್ಯಾಸ ಮಾಡಿದರು. ಮುಂದೆ ಹೆಸರಾಂತ ಸಂಗೀತಕಾರರಾದ ರಾಲ್ಫ್ ವಾನ್ ವಿಲಿಯಮ್ಸ್ 1895ರಲ್ಲಿ ಅಲ್ಲಿಯೇ ಪರಿಚಯವಾದರು. ತಾವು ಬರೆದುದನ್ನು ಪರಸ್ಪರ ತೋರಿಸಿ, ತಪ್ಪುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ಆ ಗೆಳೆತನ ಜೀವನಪರ್ಯಂತ ಉಳಿಯಿತು. ಸಮಾಜವಾದಿ ಚಿಂತಕ ವಿಲಿಯಂ ಮಾರಿಸ್ ಅವರ ವಿಚಾರಗಳಿಗೆ ಒಲಿದು, 1897ರಲ್ಲಿ ಹ್ಯಾಮರ್‌ಸ್ಮಿತ್ ಸಮಾಜವಾದಿ ಗಾಯನವೃಂದದ ನಿರ್ದೇಶಕರಾದರು. ಅದೇ ವೃಂದದಲ್ಲಿ ಹಾಡುತ್ತಿದ್ದ ಇಸೊಬೆಲ್ ಹ್ಯಾರಿಸನ್ 1901ರಲ್ಲಿ ಅವರ ಬಾಳಸಂಗಾತಿಯಾದರು. ಸಂಗೀತ ಕೆಲವರ ಸೊತ್ತಲ್ಲ, ಅದು ಸಾಮಾನ್ಯರ ಬದುಕಿಗೂ ಸೇರಿದ್ದು ಎಂಬ ನಂಬಿಕೆ ಈ ದಿನಗಳಲ್ಲಿ ಬೇರುಬಿಟ್ಟಿತು.

ನಮ್ಮ ನಾಡಿನ ಓದುಗರಿಗೆ ಹೋಲ್ಸ್ಟ್ ಇನ್ನೊಂದು ಕಾರಣಕ್ಕೂ ಆಪ್ತರಾಗುತ್ತಾರೆ. ಋಗ್ವೇದದ ಸೂಕ್ತಗಳಿಗೆ ಸಂಗೀತ ಹೊಂದಿಸಬೇಕೆಂದು ಹೊರಟ ಅವರಿಗೆ ಆಗ ದೊರೆಯುತ್ತಿದ್ದ ಇಂಗ್ಲಿಷ್ ಅನುವಾದಗಳು ಹಿಡಿಸಲಿಲ್ಲ. ಸುಮ್ಮನಾಗುವ ಬದಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಸ್ಕೃತ ಕಲಿಯತೊಡಗಿದರು. ಆ ಭಾಷೆಯಲ್ಲಿ ಅವರು ಪಂಡಿತರಾಗಲಿಲ್ಲ. ಆದರೆ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ತಮಗೆ ಬೇಕಾದುದನ್ನು ತಾವೇ ಇಂಗ್ಲಿಷಿಗೆ ತಂದುಕೊಂಡರು. ಋಗ್ವೇದದ ವೃಂದಗಾನಗಳ ನಾಲ್ಕು ಗುಚ್ಛಗಳು 1908ರಿಂದ 1912ರ ನಡುವೆ ಸಿದ್ಧವಾದವು. ಅವುಗಳಲ್ಲಿ ಎರಡು ಗುಚ್ಛಗಳು ಸ್ತ್ರೀಕಂಠಗಳಿಗಾಗಿಯೇ ಬರೆದವು. ಕಾಳಿದಾಸನ ‘ಮೇಘದೂತ’ವನ್ನು ಆಧರಿಸಿದ ಕೃತಿ 1913ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಕಂಡು ಸೋತಿತು. ವರ್ಷಗಟ್ಟಲೆ ಬರೆದ ‘ಸೀತಾ’ ಗೀತನಾಟಕಕ್ಕೆ ಸ್ಪರ್ಧೆಯಲ್ಲಿ ಬಹುಮಾನ ದೊರೆಯಲಿಲ್ಲ. ಮಹಾಭಾರತದ ಸಾವಿತ್ರಿಯ ಕಥೆಯನ್ನು ಮೂವರೇ ಗಾಯಕರು ಮತ್ತು ಬೆರಳೆಣಿಕೆಯ ವಾದ್ಯಗಳಿಂದ ಹೇಳುವ ಪುಟ್ಟ ಗೀತನಾಟಕ ‘ಸಾವಿತ್ರಿ’ 1908ರಲ್ಲಿಯೇ ಮುಗಿದಿದ್ದರೂ ರಂಗಕ್ಕೆ ಬಂದುದು 1916ರಲ್ಲಿ.

ರಚನೆಗಳಿಂದ ಹೊಟ್ಟೆ ತುಂಬುವಂತಿರಲಿಲ್ಲ. ಟ್ರಾಂಬೋನ್ ನುಡಿಸುತ್ತ ಊರೂರು ತಿರುಗಿದರೆ ಬರೆಯಲು ಬಿಡುವಿರಲಿಲ್ಲ. ಹೀಗಾಗಿ 1903ರಲ್ಲಿ ವಾದ್ಯವೃಂದದ ನೌಕರಿ ಬಿಟ್ಟ ಹೋಲ್ಸ್ಟ್ ಅಧ್ಯಾಪನದತ್ತ ಹೊರಳಿದರು. ಡಲಿಚ್‌ನ ಬಾಲಕಿಯರ ಶಾಲೆಯೊಂದರಲ್ಲಿ ಕೆಲಸ ಆರಂಭಿಸಿ, 1905ರಲ್ಲಿ ಹ್ಯಾಮರ್‌ಸ್ಮಿತ್‌ನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯ ಸಂಗೀತ ನಿರ್ದೇಶಕರಾದರು. 1907ರಿಂದ ಮಾರ್ಲಿ ಕಾಲೇಜಿನಲ್ಲಿ, ಹಗಲು ದುಡಿದು ಸಂಜೆ ಕಲಿಯಲು ಬರುತ್ತಿದ್ದ ಶ್ರಮಿಕರಿಗೂ ಪಾಠ ಹೇಳಿದರು.

ಆ ಕಾಲದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸಂಗೀತವೆಂದರೆ ಮದುವೆಗೆ ಮುನ್ನ ಕಲಿಯುವ ಒಂದು ಅಲಂಕಾರ ಮಾತ್ರ. ಅವರಿಗೆಂದು ಅಚ್ಚಾಗುತ್ತಿದ್ದ ಹಾಡುಗಳೂ ಸಪ್ಪೆಯಾಗಿದ್ದವು. ಹೋಲ್ಸ್ಟ್ ಅವುಗಳನ್ನು ಬದಿಗೊತ್ತಿ ಬಾಕ್, ಪರ್ಸೆಲ್‌ರಂತಹ ಹಿರಿಯರ ರಚನೆಗಳನ್ನು ಮಕ್ಕಳ ಮುಂದಿಟ್ಟರು. ಸಂಗೀತವನ್ನು ಪುಸ್ತಕ ಓದಿ ಕಲಿಯಲಾಗದು, ಹಾಡಿ ನುಡಿಸಿಯೇ ಕಲಿಯಬೇಕು ಎಂಬುದು ಅವರ ಪಾಠಕ್ರಮ. ಪರ್ಸೆಲ್‌ನ ‘ದಿ ಫೇರಿ ಕ್ವೀನ್’ 17ನೆಯ ಶತಮಾನದ ನಂತರ ಮರೆಯಾಗಿತ್ತು. ಮಾರ್ಲಿ ಕಾಲೇಜಿನ ವಿದ್ಯಾರ್ಥಿಗಳು ಅದರ ಸ್ವರಲಿಪಿಯನ್ನು ಕೈಯಲ್ಲಿ ನಕಲು ಮಾಡಿಕೊಂಡು 1911ರಲ್ಲಿ ಹಾಡಿ ನುಡಿಸಿದರು. ಯಾವ ವೃತ್ತಿನಿರತ ಮಂಡಳಿಯೂ ಕೈಹಾಕದ ಕೆಲಸವನ್ನು ಸಂಜೆ ಕಾಲೇಜೊಂದು ಮಾಡಿ ತೋರಿಸಿತ್ತು.

1913ರಲ್ಲಿ ಸೇಂಟ್ ಪಾಲ್ಸ್ ಶಾಲೆ ಸಂಗೀತಕ್ಕೆಂದೇ ಹೊಸ ಕಟ್ಟಡ ಕಟ್ಟಿಸಿ, ಅದರಲ್ಲಿ ಹೋಲ್ಸ್ಟ್ ಅವರಿಗಾಗಿ ಹೊರಗಿನ ಸದ್ದು ಕೇಳಿಸದ ಕೊಠಡಿಯೊಂದನ್ನು ಒದಗಿಸಿತು. ಅವರು ಶಾಲೆಗೆ ಸಲ್ಲಿಸಿದ ಕೃತಜ್ಞತೆಯೇ ‘ಸೇಂಟ್ ಪಾಲ್ಸ್ ಸೂಟ್’. ನಾಲ್ಕು ಭಾಗಗಳ ಈ ರಚನೆ ಮೂಲತಃ ತಂತಿವಾದ್ಯಗಳದ್ದು. ಆದರೆ ಶಾಲೆಯ ಊದುವ ವಾದ್ಯಗಳ ಮಕ್ಕಳು ಸುಮ್ಮನೆ ಕೂರಬಾರದೆಂದು ಅವರಿಗೂ ನುಡಿಸಲು ಪಾಲು ಬರೆದುಕೊಟ್ಟರು. ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಹಳೆಯ ಎರಡು ಜನಪದ ಧಾಟಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಮಕ್ಕಳಿಗೆಂದು ಬರೆದುದರಲ್ಲಿ ಎಲ್ಲಿಯೂ ಕೈಬಿಗಿ ಹಿಡಿದಿಲ್ಲ. ಅದನ್ನು ಇಂದು ವೃತ್ತಿನಿರತ ವೃಂದಗಳೂ ನುಡಿಸುತ್ತಿರುವುದಕ್ಕೆ ಇದೇ ಕಾರಣ.

‘ದಿ ಪ್ಲಾನೆಟ್ಸ್’ ಹುಟ್ಟಿದುದೂ ಆ ಕೊಠಡಿಯಲ್ಲಿಯೇ. ಸ್ನೇಹಿತರ ಜಾತಕ ನೋಡುವ ಹವ್ಯಾಸವಿದ್ದ ಹೋಲ್ಸ್ಟ್ ಅವರನ್ನು ಈ ಕೃತಿಗೆ ಪ್ರೇರೇಪಿಸಿದ್ದು ಖಗೋಳಶಾಸ್ತ್ರವಲ್ಲ, ಜ್ಯೋತಿಷ್ಯ. ವಾರವಿಡೀ ಪಾಠ, ಬರವಣಿಗೆಗೆ ಉಳಿಯುತ್ತಿದ್ದುದು ವಾರದ ಕೊನೆಯ ದಿನಗಳು ಮತ್ತು ಬೇಸಿಗೆಯ ರಜೆ. 1914ರಲ್ಲಿ ಆರಂಭವಾದ ಕೃತಿ ಮುಗಿದಾಗ 1917. ಇಷ್ಟು ದೊಡ್ಡ ವಾದ್ಯವೃಂದದ ಸ್ವರಲಿಪಿಯನ್ನು ಬರೆಯಲು ನೋಯುವ ಬಲಗೈಗೆ ತ್ರಾಣವಿರಲಿಲ್ಲ. ಆಗ ಶಾಲೆಯ ಸಹೋದ್ಯೋಗಿಗಳಾದ ವ್ಯಾಲಿ ಲ್ಯಾಸ್ಕರ್ ಮತ್ತು ನೋರಾ ಡೇ, ಹಳೆಯ ವಿದ್ಯಾರ್ಥಿನಿ ಜೇನ್ ಜೋಸೆಫ್ ಅವರ ಸೂಚನೆಯಂತೆ ಬರೆದುಕೊಟ್ಟರು.

ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ದೇಹಸ್ಥಿತಿ ಸರಿಯಿಲ್ಲವೆಂದು ಸೇನೆ ಹೋಲ್ಸ್ಟ್ ಅವರನ್ನು ತಿರಸ್ಕರಿಸಿತ್ತು. ಕೊನೆಗೆ ಸೈನಿಕರಿಗೆ ಸಂಗೀತ ಕಲಿಸಲು ಗ್ರೀಸಿನ ಸಲೋನಿಕಾಕ್ಕೆ ಹೊರಟಾಗ, ಜರ್ಮನ್ ಛಾಯೆಯ ‘ವಾನ್’ ಎಂಬುದನ್ನು ಹೆಸರಿನಿಂದ ತೆಗೆದುಹಾಕಬೇಕಾಯಿತು. ಹೊರಡುವ ಮುನ್ನ ಗೆಳೆಯ ಬಾಲ್ಫೋರ್ ಗಾರ್ಡಿನರ್ ತಮ್ಮ ಖರ್ಚಿನಲ್ಲಿ ಕ್ವೀನ್ಸ್ ಹಾಲ್ ಮತ್ತು ಅದರ ವಾದ್ಯವೃಂದವನ್ನು ಗೊತ್ತುಮಾಡಿ ಬೀಳ್ಕೊಡುಗೆಯ ಉಡುಗೊರೆ ನೀಡಿದರು. 1918ರ ಸೆಪ್ಟೆಂಬರ್ 29ರಂದು ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಆಹ್ವಾನಿತರ ಮುಂದೆ ‘ದಿ ಪ್ಲಾನೆಟ್ಸ್’ ಮೊದಲ ಬಾರಿ ಮೊಳಗಿತು. ನೆಪ್ಚೂನ್ ಭಾಗದಲ್ಲಿ ಮರೆಯಿಂದ ತೇಲಿಬಂದು ಮೆಲ್ಲನೆ ಮೌನದಲ್ಲಿ ಕರಗುವ ಸ್ತ್ರೀಕಂಠಗಳನ್ನು ಒದಗಿಸಿದವರು ಅವರ ಶಿಷ್ಯೆಯರೇ.

1920ರಲ್ಲಿ ಇಡೀ ಕೃತಿ ಸಾರ್ವಜನಿಕ ಪ್ರದರ್ಶನ ಕಂಡ ಮೇಲೆ ಕೀರ್ತಿ ಮನೆಬಾಗಿಲಿಗೆ ಬಂತು. ಆದರೆ ನಾಚಿಕೆಯ ಸ್ವಭಾವದ ಹೋಲ್ಸ್ಟ್ ಅವರಿಗೆ ಅದು ಹೊರೆಯಾಯಿತು. ಅನೇಕ ಕಡೆ ಪಾಠ, ಉಪನ್ಯಾಸ, ವೃಂದನಿರ್ದೇಶನಗಳ ನಡುವೆ ದೇಹ ಸೋತಿತು. 1923ರಲ್ಲಿ ರೆಡಿಂಗ್‌ನಲ್ಲಿ ವೇದಿಕೆಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮರುವರ್ಷ ವೈದ್ಯರು ಪೂರ್ಣ ವಿಶ್ರಾಂತಿ ವಿಧಿಸಿದರು. ಅನಂತರ ಒಂದೊಂದೇ ಕೆಲಸ ಬಿಟ್ಟರೂ ಸೇಂಟ್ ಪಾಲ್ಸ್ ಶಾಲೆಯನ್ನು ಮಾತ್ರ ಬಿಡಲಿಲ್ಲ. ಪಾಠದ ದುಡಿಮೆ ಅವರ ಎಷ್ಟು ರಚನೆಗಳನ್ನು ನುಂಗಿತೋ ಲೆಕ್ಕವಿಟ್ಟವರಿಲ್ಲ. ಆದರೆ ಆ ದುಡಿಮೆಯಿಂದಲೇ ಅವರಿಗೆ ಕೊಠಡಿ ಸಿಕ್ಕಿತು, ಬರೆಯುವ ಕೈಗಳು ಸಿಕ್ಕವು, ಹಾಡುವ ಕಂಠಗಳು ಸಿಕ್ಕವು ಎಂಬುದನ್ನೂ ಮರೆಯುವಂತಿಲ್ಲ.

1932ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಹೋಗಿದ್ದಾಗ ಹೊಟ್ಟೆಯ ಹುಣ್ಣು ಅವರನ್ನು ಹಾಸಿಗೆ ಹಿಡಿಸಿತು. ಮರಳಿದ ಮೇಲೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಆದರೂ 1933ರಲ್ಲಿ ಶಾಲೆಯ ಕಿರಿಯ ಮಕ್ಕಳ ವಾದ್ಯವೃಂದಕ್ಕಾಗಿ, ಶಾಲೆಯಿರುವ ಬಡಾವಣೆಯ ಹೆಸರಿನಲ್ಲಿಯೇ ‘ಬ್ರೂಕ್ ಗ್ರೀನ್ ಸೂಟ್’ ಬರೆದರು. ಶಸ್ತ್ರಚಿಕಿತ್ಸೆಯಾದ ಎರಡು ದಿನಗಳ ನಂತರ, 1934ರ ಮೇ 25ರಂದು, 59ರ ಹರೆಯದಲ್ಲಿ ನಿಧನರಾದರು.

ಅವರ ಏಕೈಕ ಪುತ್ರಿ ಇಮೊಜೆನ್ ಕೂಡ ಅದೇ ಶಾಲೆಯ ವಿದ್ಯಾರ್ಥಿನಿ. ಸಂಗೀತ ಶಿಕ್ಷಕಿಯಾಗಿ ಹೆಸರು ಮಾಡಿದ ಆಕೆ 1938ರಲ್ಲಿ ತಂದೆಯ ಜೀವನಚರಿತ್ರೆ ಪ್ರಕಟಿಸಿದರು. 1950-51ರ ಚಳಿಗಾಲದಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನಕ್ಕೆ ಬಂದು ಕಲಿಸಿ, ಕಲಿತು ಹೋದರು. ನಿಘಂಟು ಹಿಡಿದು ತಂದೆ ಹುಡುಕಿದ ನಾಡನ್ನು ಮಗಳು ಕಣ್ಣಾರೆ ಕಂಡರು. ಇಂದಿಗೂ ಎಷ್ಟೋ ಶಾಲೆಗಳ ಮಕ್ಕಳು ಪಿಟೀಲು ಹಿಡಿದು ‘ಸೇಂಟ್ ಪಾಲ್ಸ್ ಸೂಟ್’ ನುಡಿಸುತ್ತಾರೆ. ಮೇಷ್ಟರೊಬ್ಬರು ತಮ್ಮ ತರಗತಿಯ ಮಕ್ಕಳನ್ನು ನಂಬಿ ಬರೆದ ಸಂಗೀತ ಅದು.