ಕಡಲಿಗಿಳಿದ ಪುಲಕೇಶಿ

ಇಮ್ಮಡಿ ಪುಲಕೇಶಿ ಅಂದ ಕೂಡಲೇ ನಮಗೆ ನೆನಪಾಗೋದು ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದದ್ದು. ಐಹೊಳೆಯ ಮೇಗುತಿ ಗುಡ್ಡ ಹತ್ತಿದರೆ ಅವನ ಕಡಲ ಕಥೆಯೂ ಸಿಗುತ್ತೆ. ಬಸದಿಯ ಗೋಡೆಯಲ್ಲಿ ರವಿಕೀರ್ತಿಯ 634ರ ಶಾಸನವಿದೆ.

ಅಪ್ಪ ಕೀರ್ತಿವರ್ಮ ತೀರಿಕೊಂಡಾಗ ಪುಲಕೇಶಿ ಇನ್ನೂ ಹುಡುಗ. ಚಿಕ್ಕಪ್ಪ ಮಂಗಳೇಶ ಗದ್ದುಗೆ ಬಿಟ್ಟುಕೊಡಲಿಲ್ಲ, ಕಾದಾಡಿಯೇ ಪಡೆಯಬೇಕಾಯ್ತು. ಆಮೇಲೆ ಬನವಾಸಿ, ಕೊಂಕಣ. ಪಶ್ಚಿಮ ಕಡಲಿನ ಪುರಿಯನ್ನು (ಒಡಿಶಾದ್ದಲ್ಲ!) ನೂರಾರು ಹಡಗುಗಳಿಂದ ಮುತ್ತಿದ. ಕಡಲಿನಿಂದ ಅಷ್ಟು ದೂರದ ಬಾದಾಮಿಯ ದೊರೆಗೆ ಹಡಗು ಯಾಕೆ? ಬಂದರು ಕೈಲಿಲ್ಲದಿದ್ರೆ ವ್ಯಾಪಾರದ ಹಡಗಿಗೆ ಕಾವಲಿಲ್ಲ ಅಂತ ಅವನಿಗೆ ಗೊತ್ತಿದ್ದಿರಬೇಕು, ಇದು ನನ್ನ ಊಹೆ. ಮುಂದೆ ಐಹೊಳೆಯ ಹೆಸರು ಹೊತ್ತ ಐನೂರ್ವರು ಸುಮಾತ್ರದವರೆಗೂ ವ್ಯಾಪಾರಕ್ಕೆ ಹೋದರು; ಅಲ್ಲಿ 1088ರ ಶಾಸನವೇ ಇದೆ. ತಮ್ಮ ಸರಕಿಗೆ ಕಾವಲು ಪಡೆಯನ್ನೂ ಅವರೇ ಇಟ್ಟುಕೊಂಡಿದ್ದರು.

ಸರಕು ಹಡಗಿಗೆ ಆ ಕಾವಲು ಈಗಲೂ ಬೇಕು. 2023ರ ಡಿಸೆಂಬರ್‌ನಲ್ಲಿ ಸೊಮಾಲಿಯಾದ ಕಡಲ್ಗಳ್ಳರು ‘ರೂಯೆನ್’ ಹಡಗನ್ನು ಹಿಡಿದರು. ಮೂರು ತಿಂಗಳ ನಂತರ ನಮ್ಮ ನೌಕಾಪಡೆ 17 ಸಿಬ್ಬಂದಿಯನ್ನು ಬಿಡಿಸಿತು, 35 ಕಳ್ಳರು ಶರಣಾದರು.

ಪುಲಕೇಶಿಗೆ ಕೇಡು ಬಂದದ್ದು ಮಾತ್ರ ನೆಲದ ದಾರಿಯಲ್ಲೇ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಗೇ ನುಗ್ಗಿದ.