ನಾಲಿಗೆಯನ್ನು ಗೆದ್ದ ಕೂಲಿಗಾರ: ಪೂಜ್ಯ ಮ್ಯಾಟ್ ಟಾಲ್ಬಟ್

ದೇವರ ಹತ್ತು ಕಟ್ಟಳೆಗಳಲ್ಲಿ ಎರಡನೆಯದು ದೇವರ ನಾಮವನ್ನು ವ್ಯರ್ಥವಾಗಿ ಉಚ್ಚರಿಸಬಾರದೆಂಬುದು. ಧರ್ಮೋಪದೇಶ ತರಗತಿಗೆ ಬರುವ ಮಗುವೂ ಇದನ್ನು ಬಲ್ಲದು. ಆದರೂ ಕೋಪ ಬಂದೊಡನೆ ಶಪಿಸುವುದು, ಮಾತುಮಾತಿಗೂ ಆಣೆಯಿಡುವುದು, ಬೈಗುಳವಿಲ್ಲದೆ ಒಂದು ಮಾತನ್ನೂ ಮುಗಿಸಲಾರದಿರುವುದು ನಮ್ಮ ಅನೇಕ ಮನೆಗಳಲ್ಲಿ ಪಾಪವೆಂದೇ ಎಣಿಕೆಗೆ ಬರುವುದಿಲ್ಲ. ಕಳ್ಳತನಕ್ಕೆ ನಾಚುವ ನಾವು ಹೊಲಸು ಮಾತಿಗೆ ನಾಚುವುದಿಲ್ಲ. ಬಾಯಿ ತಪ್ಪಿ ಬಂತೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಪಾಪನಿವೇದನೆಯಲ್ಲಿ ಅದನ್ನು ತಿಂಗಳು ತಿಂಗಳೂ ಒಪ್ಪಿಕೊಂಡು, ದೇವಾಲಯದ ಮೆಟ್ಟಿಲಿಳಿಯುವಷ್ಟರಲ್ಲಿ ಮರಳಿ ಅದನ್ನೇ ಆಡುತ್ತೇವೆ. ಈ ದುರಭ್ಯಾಸವನ್ನು ಮುರಿಯಲು ಸಾಧ್ಯವೇ ಎಂದು ಕೇಳುವವರಿಗೆ ಐರ್ಲೆಂಡ್ ದೇಶದ ಒಬ್ಬ ಬಡ ಕೂಲಿಗಾರನ ಜೀವನವೇ ಉತ್ತರವಾಗಿದೆ.

ಮ್ಯಾಟ್ ಟಾಲ್ಬಟ್ 1856ನೆಯ ಇಸವಿ ಮೇ 2ರಂದು ಡಬ್ಲಿನ್ ನಗರದಲ್ಲಿ ಹುಟ್ಟಿದನು. ಚಾರ್ಲ್ಸ್ ಮತ್ತು ಎಲಿಜಬೆತ್ ದಂಪತಿಗಳ ಹನ್ನೆರಡು ಮಕ್ಕಳಲ್ಲಿ ಇವನು ಎರಡನೆಯವನು. ಮನೆಯಲ್ಲಿ ಬಡತನವಿತ್ತು, ಶಾಲೆಯ ಭಾಗ್ಯ ಬಹಳ ಕಾಲ ದೊರೆಯಲಿಲ್ಲ. ಹನ್ನೆರಡರ ಎಳೆಯ ಪ್ರಾಯದಲ್ಲಿಯೇ ಮದ್ಯವನ್ನು ಬಾಟಲಿಗಳಿಗೆ ತುಂಬುವ ವ್ಯಾಪಾರಿಗಳ ಬಳಿ ಕೆಲಸಕ್ಕೆ ಸೇರಿದನು. ಅಲ್ಲಿ ಬಾಲಕನಿಗೆ ಕೂಲಿಯೊಡನೆ ಕುಡಿತವೂ ದೊರೆಯಿತು. ಮುಂದೆ ಬಂದರಿನ ಉಗ್ರಾಣದಲ್ಲಿ ಕೆಲಸ ಮಾಡಿದಾಗ ವಿಸ್ಕಿಯ ರುಚಿಯೂ ಹತ್ತಿತು. ಆ ಬಳಿಕ ಕಟ್ಟಡದ ಗಾರೆಯವರಿಗೆ ಇಟ್ಟಿಗೆ, ಗಾರೆ ಹೊರುವ ಕೂಲಿಯಾದನು. ಶ್ರಮಜೀವಿಯೆಂಬ ಹೆಸರು ಅವನಿಗಿತ್ತು. ಆದರೆ ದುಡಿದ ಹಣವೆಲ್ಲ ಮದ್ಯದಂಗಡಿಗೆ ಸೇರುತ್ತಿತ್ತು.

ಕುಡಿತ ಎಂದೂ ಒಂಟಿಯಾಗಿ ಬರುವುದಿಲ್ಲ. ಶಾಪ, ಆಣೆ, ದೇವರ ನಾಮದ ನಿಂದೆ ಇವು ಅವನ ನಾಲಿಗೆಯ ಮೇಲೆ ಮನೆ ಮಾಡಿದವು. ಒಮ್ಮೆ ಅವನೂ ಅವನ ಸಂಗಾತಿಗಳೂ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬನ ಪಿಟೀಲನ್ನು ಕದ್ದು, ಅದನ್ನು ಮಾರಿ ಕುಡಿದರು. ಹೀಗಿದ್ದರೂ ಭಾನುವಾರದ ಬಲಿಪೂಜೆಯನ್ನು ಅವನು ಪೂರ್ತಿಯಾಗಿ ಬಿಟ್ಟಿರಲಿಲ್ಲ. ದೇವಾಲಯದಲ್ಲಿ ಮೊಣಕಾಲೂರುತ್ತಿದ್ದವನೇ ಮದ್ಯದಂಗಡಿಯಲ್ಲಿ ದೇವರ ಹೆಸರು ಹಿಡಿದು ಶಪಿಸುತ್ತಿದ್ದನು. ಹೀಗೆ ಹದಿನಾರು ವರ್ಷಗಳು ಕಳೆದವು.

1884ರ ಒಂದು ಶನಿವಾರ. ಆ ವಾರ ಕೆಲಸಕ್ಕೆ ಹೋಗದ ಕಾರಣ ಅವನ ಕೈಯಲ್ಲಿ ಕಾಸಿರಲಿಲ್ಲ. ಮದ್ಯದಂಗಡಿಯ ಸಮೀಪದ ಮೂಲೆಯಲ್ಲಿ ಸಹೋದರರೊಡನೆ ನಿಂತು, ಕೂಲಿ ಪಡೆದು ಬರುವ ಜೊತೆಗಾರರು ತನ್ನನ್ನು ಒಳಗೆ ಕರೆಯುವರೆಂದು ಕಾದನು. ತನ್ನಲ್ಲಿ ಹಣವಿದ್ದಾಗ ಅವರಿಗೆಲ್ಲ ಧಾರಾಳವಾಗಿ ಕುಡಿಸಿದವನು ಅವನು. ಒಬ್ಬೊಬ್ಬರಾಗಿ ಅವರು ಹಾದುಹೋದರು, ಒಬ್ಬನೂ ಕರೆಯಲಿಲ್ಲ. ಆ ಅಪಮಾನ ಅವನ ಹೃದಯವನ್ನು ಇರಿಯಿತು. ನೇರವಾಗಿ ಮನೆಗೆ ಬಂದು, ಮದ್ಯವರ್ಜನೆಯ ಪ್ರತಿಜ್ಞೆ ಮಾಡುವೆನೆಂದು ತಾಯಿಗೆ ತಿಳಿಸಿದನು. ಪಾಲಿಸುವ ಮನಸ್ಸಿದ್ದರೆ ಮಾತ್ರ ಪ್ರತಿಜ್ಞೆ ಮಾಡೆಂದು ಎಚ್ಚರಿಸಿ, ಆ ತಾಯಿ ದೇವರ ಹೆಸರಿನಲ್ಲಿ ಮಗನನ್ನು ಹರಸಿ ಕಳುಹಿಸಿದಳು. ಕ್ಲಾನ್ಲಿಫ್‌ನ ಗುರುಮಠಕ್ಕೆ ಹೋಗಿ, ಧರ್ಮಗುರುವಿನ ಮುಂದೆ ಪಾಪನಿವೇದನೆ ಮಾಡಿ, ಮೂರು ತಿಂಗಳ ಕಾಲ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದನು. ಆಗ ಅವನ ವಯಸ್ಸು 28.

ಆ ಮೂರು ತಿಂಗಳು ಸುಲಭದ್ದಾಗಿರಲಿಲ್ಲ. ಕೆಲಸ ಬಿಟ್ಟ ಬಳಿಕ ಸಂಜೆಯ ಹೊತ್ತು ಕಳೆಯುವುದೇ ಅವರಿಗೆ ಕಷ್ಟವಾಯಿತು. ದೇವಾಲಯಗಳಲ್ಲಿ ಹೋಗಿ ಕುಳಿತುಕೊಳ್ಳತೊಡಗಿದರು. ಒಂದು ದಿನ ಆಸೆ ತಡೆಯಲಾರದೆ ಮದ್ಯದಂಗಡಿಯ ಒಳಗೇ ಹೋದರು. ಅಂಗಡಿಯವನು ಬೇರೆ ಗಿರಾಕಿಗಳಲ್ಲಿ ಮಗ್ನನಾಗಿ ಇವರತ್ತ ತಿರುಗಿ ನೋಡಲಿಲ್ಲ. ಹಾಗೆಯೇ ಹೊರಬಂದು, ಅಂದಿನಿಂದ ಜೇಬಿನಲ್ಲಿ ಹಣವಿಟ್ಟುಕೊಂಡು ತಿರುಗುವುದನ್ನೇ ಬಿಟ್ಟರು. ಮೂರು ತಿಂಗಳು ಆರಾದವು. ಅನಂತರ ಪ್ರತಿಜ್ಞೆ ಜೀವನಪರ್ಯಂತದ್ದಾಯಿತು.

ಆದರೆ ನಾಲಿಗೆಯ ಮಾತು ಬೇರೆ. ಮದ್ಯದಂಗಡಿಯನ್ನು ತಪ್ಪಿಸಿ ಬೇರೆ ಬೀದಿಯಲ್ಲಿ ನಡೆಯಬಹುದು. ಜೇಬನ್ನು ಬರಿದು ಮಾಡಬಹುದು. ನಾಲಿಗೆಯನ್ನು ಮನೆಯಲ್ಲಿಟ್ಟು ಕೆಲಸಕ್ಕೆ ಹೋಗಲಾಗುವುದೇ? ಬೆಳಗಿನಿಂದ ಸಂಜೆಯವರೆಗೆ ಅವರ ಸುತ್ತಲಿದ್ದವರು ಅದೇ ಹಳೆಯ ಜೊತೆಗಾರರು, ಕಿವಿಗೆ ಬೀಳುತ್ತಿದ್ದದ್ದು ಅದೇ ಹಳೆಯ ಮಾತು. ಭಾರವಾದ ಹೊರೆ ಹೆಗಲಿಂದ ಜಾರಿದರೆ, ಬೆರಳು ಜಜ್ಜಿದರೆ, ಯೋಚನೆಗೆ ಮೊದಲೇ ಬಾಯಿಂದ ಶಾಪ ಹೊರಡುತ್ತದೆ. ಅಭ್ಯಾಸದ ಬಲವೇ ಅದು. ಇದನ್ನು ಬರಿಯ ಸಂಕಲ್ಪದಿಂದ ಗೆಲ್ಲಲಾಗದೆಂದು ಮ್ಯಾಟ್ ಅರಿತರು.

ಅವರು ಕಂಡುಕೊಂಡ ಉಪಾಯ ಬಲು ಸರಳವಾದುದು. ಎರಡು ಗುಂಡುಸೂಜಿಗಳನ್ನು ಶಿಲುಬೆಯ ಆಕಾರದಲ್ಲಿ ತಮ್ಮ ಕೋಟಿನ ತೋಳಿಗೆ ಚುಚ್ಚಿಕೊಂಡರು. ದುಡಿಯುವ ಕೈ ಸದಾ ಕಣ್ಣ ಮುಂದಿರುತ್ತದೆ. ಕೈಯೊಡನೆ ಆ ಚಿಕ್ಕ ಶಿಲುಬೆಯೂ ಕಣ್ಣಿಗೆ ಬೀಳುತ್ತಿತ್ತು. ಯಾರ ನಾಮವನ್ನು ಕೋಪದಲ್ಲಿ ಎಳೆದಾಡುತ್ತಿದ್ದರೋ ಆ ಪ್ರಭು ತಮಗಾಗಿ ಸಹಿಸಿದ ಪಾಡನ್ನು ಅದು ನೆನಪಿಗೆ ತರುತ್ತಿತ್ತು. ಇತರರಿಗೆ ಅದು ಕಾಣಿಸುವಂತೆಯೂ ಇರಲಿಲ್ಲ. ದುಡ್ಡು ಬೇಡದ, ವಿದ್ಯೆ ಬೇಡದ ಈ ಗುರುತಿನ ನೆರವಿನಿಂದ ಹಲವು ವರ್ಷಗಳ ಚಟ ಕ್ರಮೇಣ ಬಿಟ್ಟುಹೋಯಿತು.

ಕೆಟ್ಟ ಮಾತನ್ನು ಹೊರಗಟ್ಟಿದ ಸ್ಥಳವನ್ನು ಅವರು ಬರಿದಾಗಿ ಬಿಡಲಿಲ್ಲ. ಮುಂಜಾವಿಗೆ ಮುನ್ನವೇ ಎದ್ದು ಪ್ರಾರ್ಥಿಸಿ, ದಿನವೂ ಬೆಳಗಿನ ಬಲಿಪೂಜೆಯಲ್ಲಿ ಭಾಗವಹಿಸಿ ಕೆಲಸಕ್ಕೆ ಹೋಗುತ್ತಿದ್ದರು. ಓದು ಅಷ್ಟಾಗಿ ಬಾರದಿದ್ದವರು ಪ್ರಯಾಸಪಟ್ಟು ಪವಿತ್ರ ಗ್ರಂಥವನ್ನೂ ಸಂತ ಅಗಸ್ಟೀನರ ಆತ್ಮಚರಿತ್ರೆಯನ್ನೂ ಓದಿದರು. 1890ರಲ್ಲಿ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದರು. ಹಳೆಯ ಸಾಲಗಳನ್ನು ಒಂದೊಂದಾಗಿ ತೀರಿಸಿದರು. ಪಿಟೀಲು ಕಳೆದುಕೊಂಡವನನ್ನು ಊರೆಲ್ಲ ಹುಡುಕಿದರು. ಕಾಣದೆ ಹೋದಾಗ ಆ ಹಣವನ್ನು ಅವನಿಗಾಗಿ ಬಲಿಪೂಜೆಗೆ ಕೊಟ್ಟರು.

ಮುಂದೆ ಅವರು ಮರದ ಡಿಪೋ ಒಂದರಲ್ಲಿ ದುಡಿದರು. ಬಿಡುವು ದೊರೆತರೆ ಮರದ ರಾಶಿಗಳ ಮರೆಯಲ್ಲಿ ಮೊಣಕಾಲೂರುತ್ತಿದ್ದರು. ಜೊತೆಯವನು ಯೇಸುನಾಮವನ್ನು ಹಿಡಿದು ಶಪಿಸಿದರೆ, ಮ್ಯಾಟ್ ಮೌನವಾಗಿ ತಲೆಯ ಟೋಪಿಯನ್ನು ಎತ್ತಿ ಆ ಪವಿತ್ರ ನಾಮಕ್ಕೆ ಗೌರವ ಸಲ್ಲಿಸುತ್ತಿದ್ದರು. ದೀರ್ಘ ಉಪದೇಶಕ್ಕಿಂತ ಈ ಮೌನ ಹೆಚ್ಚು ನಾಟುತ್ತಿತ್ತು. ಕ್ರಮೇಣ ಅವರ ಮುಂದೆ ಅಂತಹ ಮಾತನಾಡಲು ಜನ ಹಿಂಜರಿದರು. ಹಾಗೆಂದು ಅವರು ಹುಟ್ಟುಶಾಂತರೆಂದು ಭಾವಿಸಬೇಡಿ. ಅವರ ಸ್ವಭಾವ ತುಸು ಒರಟು. ಆಡಿದ ಮಾತು ಬಿರುಸಾಯಿತೆಂದು ತೋರಿದರೆ, ಹಿಂದಿರುಗಿ ಬಂದು ಕ್ಷಮೆ ಬೇಡುವುದನ್ನು ಅವರು ಕಲಿತಿದ್ದರು.

1925ನೆಯ ಇಸವಿ ಜೂನ್ 7, ಪರಮ ತ್ರಿತ್ವದ ಹಬ್ಬದಂದು, ಬಲಿಪೂಜೆಗೆ ಹೋಗುವ ದಾರಿಯಲ್ಲಿ ಗ್ರಾನ್ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಪ್ರಾಣಬಿಟ್ಟರು. ಆಗ ಅವರಿಗೆ 69 ವರ್ಷ. ಆಸ್ಪತ್ರೆಯಲ್ಲಿ ಉಡುಪು ತೆಗೆದಾಗ ಮೈಮೇಲೆ ತಪಸ್ಸಿನ ಸರಪಳಿಗಳು ಕಂಡವು; ಆ ತನಕ ಈ ಬಡ ಕೂಲಿಯ ಅಂತರಂಗ ಲೋಕಕ್ಕೆ ತಿಳಿದಿರಲಿಲ್ಲ. ಜಗದ್ಗುರು ಆರನೆಯ ಪೌಲರು 1975ರಲ್ಲಿ ಅವರನ್ನು ಪೂಜ್ಯರೆಂದು ಘೋಷಿಸಿದರು. ಕುಡಿತದ ದಾಸ್ಯದಲ್ಲಿರುವವರು ಇಂದಿಗೂ ಲೋಕದ ಹಲವೆಡೆ ಅವರ ನೆರವನ್ನು ಕೋರುತ್ತಾರೆ. ನಾಲಿಗೆಯ ದಾಸ್ಯದಲ್ಲಿರುವವರೂ ಕೋರಬಹುದು.

ಪ್ರಿಯ ಕ್ರೈಸ್ತ ಬಾಂಧವರೇ, ಸರಪಳಿ ಧರಿಸುವ ತಪಸ್ಸು ಎಲ್ಲರಿಗೂ ಸಾಧ್ಯವಲ್ಲ, ಅದನ್ನು ಎಲ್ಲರೂ ಮಾಡಬೇಕಾದುದೂ ಇಲ್ಲ. ಆದರೆ ಎರಡು ಗುಂಡುಸೂಜಿಗಳು ಯಾರ ಮನೆಯಲ್ಲಿಲ್ಲ? ಜೇಬಿನಲ್ಲಿರುವ ಜಪಮಾಲೆಯನ್ನು ಮುಟ್ಟಿಕೊಳ್ಳುವುದೋ, ಬೈದ ಒಡನೆ ಬೈಸಿಕೊಂಡವನ ಕ್ಷಮೆ ಕೇಳುವುದೋ, ಶಾಪದ ಬದಲಿಗೆ ಯೇಸುನಾಮವನ್ನು ಭಕ್ತಿಯಿಂದ ನುಡಿಯುವುದೋ, ಯಾವುದಾದರೊಂದು ಗುರುತನ್ನು ನಾವೂ ಇಟ್ಟುಕೊಳ್ಳಬಹುದು. ಎಡವಿದರೆ ಎದ್ದು ಮತ್ತೆ ಪಾಪನಿವೇದನೆಗೆ ಹೋಗೋಣ. ತಂದೆ ಬೈಯುವುದನ್ನು ಕೇಳಿದ ಮಗು ಬೈಯಲು ಕಲಿಯುತ್ತದೆ; ತಂದೆ ತಡೆದುಕೊಂಡದ್ದನ್ನು ಕಂಡ ಮಗು ತಡೆದುಕೊಳ್ಳಲು ಕಲಿಯುತ್ತದೆ. ನೂರು ವರ್ಷಗಳಿಂದ ಈ ದೇವಾಲಯದ ಪೀಠದ ಮುಂದೆ ನಮ್ಮ ಹಿರಿಯರು ತಮ್ಮ ನಾಲಿಗೆಯ ಮೇಲೆ ಪ್ರಭುವಿನ ದಿವ್ಯ ಶರೀರವನ್ನು ಸ್ವೀಕರಿಸಿದರು, ನಾವೂ ಸ್ವೀಕರಿಸುತ್ತಿದ್ದೇವೆ. ಶತಮಾನೋತ್ಸವಕ್ಕೆಂದು ದೇವಾಲಯದ ಗೋಡೆಗಳನ್ನು ಶುಭ್ರಗೊಳಿಸುವ ನಾವು, ಪ್ರಭುವನ್ನು ಸ್ವೀಕರಿಸುವ ನಾಲಿಗೆಯನ್ನೂ ಶುಭ್ರವಾಗಿಟ್ಟುಕೊಳ್ಳೋಣ.